ಸಂಗೀತ ನಾಟಕದ ರಸಿಕ ಅ.ನ.ಕೃ.

ಅ.ನ.ಕೃ. ಎಂಬ ಮೂರಕ್ಷರವನ್ನು ಕೇಳದ ಕನ್ನಡಿಗರು ವಿರಳ. ‘ಅ’ ಎಂದರೆ ಹಾಸನ ಜಿಲ್ಲೆಯ ಅರಕಲಗೂಡು, ‘ನ’ ಎಂದರೆ ತಂದೆ ನರಸಿಂಗರಾಯರು, ‘ಕೃ’ ಎಂದರೆ ಕೃಷ್ಣರಾಯರು. ನೂರಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದು ಕಾದಂಬರಿ ಸಾರ್ವಭೌಮರೆನಿಸಿದ ಈ ಮಹನೀಯರನ್ನು ಕುರಿತು ಬರೆಯಲು ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನಿಗೆ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಕಾದಂಬರಿಕಾರರಾದ ಅ.ನ.ಕೃ. ಅವರ ವಿಷಯವಾಗಿ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳಹೊರಟಿರುವುದು ಅವರೊಳಗಿದ್ದ ಇನ್ನೊಬ್ಬರ ಕಥೆಯನ್ನು. ನಾಟಕದಲ್ಲಿ ಹಾಡುವ ನಟನನ್ನು, ಕಚೇರಿಯಲ್ಲಿ ಹಾಡುವ ಗಾಯಕನನ್ನು ಕವಿಯ ಸರಿಸಮಕ್ಕೆ ಕೂಡಿಸಿ ಮಾತನಾಡಿದ ರಸಿಕ ವಿಮರ್ಶಕರ ಕಥೆಯನ್ನು.

ಅವರ ಮೇಲೆ ನಮ್ಮ ಸೀಮೆಗೂ ಒಂದಿಷ್ಟು ಹಕ್ಕುಂಟು. ಅರಕಲಗೂಡು ಮನೆತನದ ಊರಾದರೂ ಅವರು ಹುಟ್ಟಿದ್ದು ಕೋಲಾರದಲ್ಲಿ, 1908ನೆಯ ಇಸವಿ ಮೇ 9ರಂದು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗುವವರೆಗೆ ನಮ್ಮ ಗೌರಿಬಿದನೂರು ತಾಲ್ಲೂಕೂ ಕೋಲಾರ ಜಿಲ್ಲೆಗೇ ಸೇರಿತ್ತಲ್ಲವೆ?

ಅವರು ಹುಟ್ಟಿದ ಕಾಲದ ನಾಟಕದ ಸ್ಥಿತಿಯನ್ನು ನೆನೆಯದೆ ಮುಂದಿನದು ಅರ್ಥವಾಗಲಾರದು. ಮರಾಠಿ ಮತ್ತು ಪಾರ್ಸಿ ಕಂಪೆನಿಗಳು ಕನ್ನಡ ನಾಡಿಗೆ ಬಂದು ಜನರನ್ನು ಮರುಳುಮಾಡಿ ಹೋದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಅದನ್ನು ಕಂಡ ಮೈಸೂರಿನ ಚಾಮರಾಜೇಂದ್ರ ಒಡೆಯರ ಆಸ್ಥಾನದಲ್ಲಿ ಅರಮನೆಯ ನಾಟಕ ಕಂಪೆನಿ ಹುಟ್ಟಿತು. ಬಸವಪ್ಪ ಶಾಸ್ತ್ರಿಗಳು ಅದಕ್ಕಾಗಿ ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದುಕೊಟ್ಟರು. 1884ರಲ್ಲಿ ಗುಬ್ಬಿ ಕಂಪೆನಿ ಆರಂಭವಾಯಿತು. ಅನಂತರ ವರದಾಚಾರ್ಯರ ರತ್ನಾವಳಿ ಕಂಪೆನಿ ಬಂದಿತು. ಇವೆಲ್ಲವೂ ಸಂಗೀತ ನಾಟಕಗಳೇ. ರಾಜನಿಗೆ ಕೋಪ ಬಂದರೂ ಹಾಡು, ರಾಣಿಗೆ ದುಃಖವಾದರೂ ಹಾಡು. ಹಿನ್ನೆಲೆಯಲ್ಲಿ ಬೇರೊಬ್ಬರು ಹಾಡುವ ಅನುಕೂಲ ಆಗ ಎಲ್ಲಿಯದು! ವೇಷಧಾರಿಯೇ ಹಾಡಬೇಕು. ಧ್ವನಿವರ್ಧಕವಿಲ್ಲದೆ, ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಕೇಳುವಂತೆ ಹಾಡಬೇಕು. ಕಾಲಿನಿಂದ ತಿದಿಯೊತ್ತುವ ಹಾರ್ಮೋನಿಯಂ ಮುಂದೆ ಮೇಷ್ಟರು ಕುಳಿತು ಶ್ರುತಿ ಹಿಡಿದರೆ ಕಂದಪದ್ಯ ಏಳುತ್ತಿತ್ತು. ಜನ ವನ್ಸ್‌ಮೋರ್ ಕೂಗಿದರೆ ಆಗತಾನೆ ಸತ್ತುಬಿದ್ದ ವೀರನೂ ಎದ್ದು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯಬೇಕಾಗುತ್ತಿತ್ತು.

ನಗಬೇಡಿ. ಈ ನಗೆಯೇ ನನ್ನ ಲೇಖನದ ವಿಷಯ. 1918ರಲ್ಲಿ ಕೈಲಾಸಂ ಅವರ ‘ಟೊಳ್ಳುಗಟ್ಟಿ’ ಬಂದಿತು. ಮನೆಯ ಮಾತು, ಮನೆಯ ಮಂದಿ, ಇಂಗ್ಲಿಷ್ ಬೆರೆತ ಕನ್ನಡ, ಕಂದಪದ್ಯವಿಲ್ಲ, ಕಿರೀಟವಿಲ್ಲ. ಕಾಲೇಜು ಕಲಿತವರು ಕಂಪೆನಿ ನಾಟಕದ ಕಡೆಗೆ ಬೆನ್ನು ತಿರುಗಿಸತೊಡಗಿದರು. ಕಂಪೆನಿಗಳಲ್ಲಿ ದೋಷಗಳಿದ್ದುದು ನಿಜ. ಔಚಿತ್ಯವಿಲ್ಲದ ಹಾಡುಗಳು, ಕಥೆಗೆ ಸಂಬಂಧವಿಲ್ಲದ ಹಾಸ್ಯ, ಬೆಳಗಿನ ಜಾವದವರೆಗೆ ಎಳೆದಾಟ ಎಲ್ಲವೂ ಇದ್ದವು. ಆದರೆ ದೋಷವನ್ನು ಎಣಿಸುವ ಭರದಲ್ಲಿ, ಅಲ್ಲಿ ಹಾಡುತ್ತಿದ್ದವನು ಒಬ್ಬ ಕಲಾವಿದ ಎಂಬುದನ್ನೇ ವಿದ್ಯಾವಂತರು ಮರೆತರು. ರಾತ್ರಿ ಚಪ್ಪಾಳೆ ಹೊಡೆದವನೇ ಹಗಲು ಅದೇ ನಟನಿಗೆ ಬಾಡಿಗೆಗೆ ಮನೆ ಕೊಡುತ್ತಿರಲಿಲ್ಲ. ನಾಟಕದವನಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು. ಸ್ತ್ರೀಯರು ಬಣ್ಣ ಹಚ್ಚಿದ ಮೇಲಂತೂ ಅವರು ಕೇಳಬೇಕಾಗಿಬಂದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ಈ ಎರಡು ಪಾಳೆಯಗಳ ನಡುವೆ ಬೆಳೆದವರು ಅ.ನ.ಕೃ. ಹದಿನಾರರ ಹರೆಯದಲ್ಲಿ ಅವರು ಬರೆದ ಮೊದಲ ಕೃತಿ ನಾಟಕವೇ. ‘ಮದುವೆಯೋ ಮನೆಹಾಳೋ’ ಎಂಬ ಅದರ ಹೆಸರೇ ಅದು ಹೊಸ ಗಾಳಿಯ ಸಾಮಾಜಿಕ ನಾಟಕವೆಂದು ಸಾರುತ್ತದೆ. ಬುದ್ಧಿಯಿಂದ ಅವರು ಹೊಸಬರ ಕಡೆಯವರು. ಆದರೆ ಅವರ ಕಿವಿ ಮಾತ್ರ ಹಳೆಯ ರಂಗಮಂದಿರದಲ್ಲಿಯೇ ಉಳಿಯಿತು. 1926ರಲ್ಲಿ ವರದಾಚಾರ್ಯರು ತೀರಿಕೊಂಡಾಗ ಅ.ನ.ಕೃ. ಅವರಿಗೆ ಹದಿನೆಂಟು ವರ್ಷ. ಹಿರಣ್ಯಕಶಿಪುವಾಗಿ ಸಾವಿರಾರು ಜನರನ್ನು ನಡುಗಿಸಿದ ಆ ಕಂಠ ನಿಂತಾಗ ಒಂದು ಯುಗವೇ ಮುಗಿದಂತಾಯಿತು. ಆಗ ಧ್ವನಿಮುದ್ರಣ ಅಪರೂಪ. ನಟ ಸತ್ತನೆಂದರೆ ಅವನ ಕಲೆಯೂ ಅವನೊಂದಿಗೇ ಬೂದಿಯಾಗುತ್ತಿತ್ತು. ಕವಿಗೆ ಪುಸ್ತಕವುಂಟು, ಶಿಲ್ಪಿಗೆ ಕಲ್ಲುಂಟು. ನಟನಿಗೆ ಕಂಡವರ ನೆನಪಲ್ಲದೆ ಬೇರೇನೂ ಇಲ್ಲ. ಆ ನೆನಪನ್ನು ಬರೆದಿಡುವವರು ಬೇಕಾಗಿತ್ತು.

ಅ.ನ.ಕೃ. ಬರೆದರು. ಗಾಯಕರು, ನಟರು, ಚಿತ್ರಕಾರರು ಮೊದಲಾದ ಕಲಾವಿದರನ್ನು ಕುರಿತು ಲೇಖನಗಳನ್ನು ಬರೆದರು. ವೇದಿಕೆಯೇರಿ ಭಾಷಣ ಮಾಡಿದರು. ಅವರು ದೊಡ್ಡ ವಾಗ್ಮಿಗಳು. ‘ಕಥಾಂಜಲಿ’, ‘ವಿಶ್ವವಾಣಿ’ ಪತ್ರಿಕೆಗಳನ್ನು ನಡೆಸಿದರು. ಸಾಹಿತ್ಯ ಪರಿಷತ್ತಿನ ‘ಕನ್ನಡ ನುಡಿ’ಗೂ ಸಂಪಾದಕರಾಗಿ ದುಡಿದರು. ಸರಕಾರದ ನೌಕರಿಯ ನೆರಳಿಲ್ಲದೆ, ಲೇಖನಿಯೊಂದನ್ನೇ ನಂಬಿ ಸಂಸಾರ ತೂಗಿಸಿದ ಕನ್ನಡ ಬರಹಗಾರರಲ್ಲಿ ಅವರು ಮೊದಲಿಗರ ಸಾಲಿನವರು. ಇದನ್ನು ನಾನು ಒತ್ತಿ ಹೇಳಲು ಕಾರಣವುಂಟು. ಕಂಪೆನಿಯ ನಟನಿಗೆ ಇಂದು ಜನ ಬಂದರೆ ಇಂದಿನ ಊಟ. ಮಳೆ ಹಿಡಿದು ಕ್ಯಾಂಪು ಕೆಟ್ಟರೆ ಸೀನರಿಯನ್ನೂ ಅಡವಿಡಬೇಕು. ಬರೆದು ಬದುಕುವವನ ಬಾಳೂ ಹೆಚ್ಚು ಕಡಮೆ ಅದೇ. ಸಂಬಳದ ವಿಮರ್ಶಕನಿಗೆ ಕಾಣದ ಸಂಕಟವೊಂದು ಅವರಿಗೆ ಕಂಡದ್ದು ಈ ಸಮಾನ ಬಾಳಿನಿಂದಲೇ ಇರಬೇಕೆಂದು ನನ್ನ ಊಹೆ.

ಅವರ ಮೊದಲ ಕಾದಂಬರಿ ‘ಜೀವನಯಾತ್ರೆ’ 1934ರಲ್ಲಿ ಬಂದಿತು. ಅದೇ ವರ್ಷ ಎರಡು ದೊಡ್ಡ ಘಟನೆಗಳು ನಡೆದವು. ಗುಬ್ಬಿ ವೀರಣ್ಣನವರು ನಿಜವಾದ ಆನೆ ಕುದುರೆಗಳನ್ನು ರಂಗದ ಮೇಲೆ ತಂದು ‘ಕುರುಕ್ಷೇತ್ರ’ವನ್ನಾಡಿದರು; ‘ಸತಿ ಸುಲೋಚನ’ ಎಂಬ ಮೊದಲ ಕನ್ನಡ ವಾಕ್ಚಿತ್ರ ಬೆಳ್ಳಿತೆರೆಗೆ ಬಂದಿತು. ಆ ಚಿತ್ರದ ಮುಖ್ಯ ಪಾತ್ರಧಾರಿಗಳಾದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಇಬ್ಬರೂ ರಂಗಭೂಮಿಯಿಂದ ಹೋದವರೇ. ಕಂಪೆನಿ ನಾಟಕವು ತನ್ನ ವೈಭವದ ಶಿಖರದಲ್ಲಿದ್ದಾಗಲೇ ಅದರ ಕೆಳಗಿನ ನೆಲ ಸರಿಯತೊಡಗಿತ್ತು.

ಮರುವರ್ಷ, 1935ರಲ್ಲಿ, ‘ಸಂಧ್ಯಾರಾಗ’ ಪ್ರಕಟವಾಯಿತು. ಅನುಕೂಲಸ್ಥರ ಮನೆಯ ಹುಡುಗ ಲಕ್ಷ್ಮಣನನ್ನು ಸಂಗೀತ ಸೆಳೆಯುತ್ತದೆ. ಮನೆಯವರ ಕಣ್ಣಿಗೆ ಅದು ಕೆಲಸಕ್ಕೆ ಬಾರದ ಹುಚ್ಚು. ಆ ಹುಚ್ಚೇ ಅವನನ್ನು ಎತ್ತುತ್ತದೆ, ಸುಡುತ್ತದೆ. ಸಂಗೀತಗಾರನನ್ನು ಮದುವೆ ಮನೆಯ ಮೂಲೆಯಲ್ಲಿ ಕೂಡಿಸದೆ ಕಥೆಯ ನಡುಮನೆಗೆ ಕರೆತಂದು ಕೂಡಿಸಿದ ಕನ್ನಡ ಕಾದಂಬರಿ ಇದು. ಚಿತ್ರಕಾರನಿಗಾಗಿ ಅವರು ‘ಉದಯರಾಗ’ವನ್ನು ಬರೆದರು, ವೃತ್ತಿರಂಗಭೂಮಿಯ ನಟನಿಗಾಗಿ ‘ನಟಸಾರ್ವಭೌಮ’ವನ್ನು ಬರೆದರು. ಇಂದು ನಟಸಾರ್ವಭೌಮ ಎಂದೊಡನೆ ನನ್ನ ತರಗತಿಯ ಗೆಳೆಯರಿಗೆ 2019ರ ಚಲನಚಿತ್ರ ನೆನಪಾಗುತ್ತದೆ. ಅವರ ತಂದೆಯವರಿಗೆ ರಾಜಕುಮಾರರು ನೆನಪಾಗುತ್ತಾರೆ. ಆ ಹೆಸರಿನ ಕಾದಂಬರಿಯೊಂದಿದೆ ಎಂದಾಗ ಇಬ್ಬರು ಮಾತ್ರ ತಲೆಯಾಡಿಸಿದರು.

ವಿಮರ್ಶಕರೆನ್ನುತ್ತ ಕಾದಂಬರಿಗಳ ಪಟ್ಟಿ ಕೊಡುತ್ತಿದ್ದೇನಲ್ಲ ಎಂದು ವಾಚಕರಿಗೆ ಅನ್ನಿಸಬಹುದು. ನನಗೆ ತೋರುವಂತೆ ಅ.ನ.ಕೃ. ಅವರ ಕಲಾವಿಮರ್ಶೆಯ ಹೆಚ್ಚಿನ ಪಾಲು ಇರುವುದು ಈ ಕಾದಂಬರಿಗಳಲ್ಲೇ. ಪತ್ರಿಕೆಯಲ್ಲಿ ವಿಮರ್ಶೆ ಬರೆದರೆ ಆ ದಿನದ ಹಾಡುಗಾರಿಕೆ ಹೇಗಿತ್ತೆಂದು ಹೇಳಬಹುದು. ಹಾಡಿದವನು ಆ ಸ್ಥಾನಕ್ಕೆ ಏನೇನನ್ನು ತೆತ್ತು ಬಂದನೆಂದು ಹೇಳಲು ಕಥೆಯೇ ಬೇಕು. ಮುಂದೆ 1952ರಲ್ಲಿ ತ.ರಾ.ಸು. ಅವರು ‘ಹಂಸಗೀತೆ’ಯನ್ನು ಬರೆದು ಇನ್ನೊಬ್ಬ ಗಾಯಕನನ್ನು ಅಮರನನ್ನಾಗಿ ಮಾಡಿದರು; 1956ರಲ್ಲಿ ಅದು ‘ಬಸಂತ್ ಬಹಾರ್’ ಎಂಬ ಹೆಸರಿನಲ್ಲಿ ಹಿಂದಿ ಚಲನಚಿತ್ರವೂ ಆಯಿತು. ಆ ದಾರಿಯ ಮುಳ್ಳನ್ನು ಮೊದಲು ಸವರಿದವರು ಅ.ನ.ಕೃ.

ಅವರ ಬರವಣಿಗೆಯ ದೋಷಗಳನ್ನು ಮುಚ್ಚಿಡಬೇಕಾಗಿಲ್ಲ. ಅವರು ಬಹಳ ಬರೆದರು, ಬಹಳ ಬೇಗ ಬರೆದರು. ಪಾತ್ರಗಳು ಮಾತನಾಡುತ್ತ ಮಾತನಾಡುತ್ತ ಸಭೆಯಲ್ಲಿ ಉಪನ್ಯಾಸಕ್ಕೆ ನಿಂತಂತಾಗುತ್ತವೆ. ಒಂದು ಕಾದಂಬರಿಯ ಭಾವಾವೇಶ ಇನ್ನೊಂದರಲ್ಲಿ ಮರಳಿ ಬರುತ್ತದೆ. 1940ರ ದಶಕದಲ್ಲಿ ಅವರು ಪ್ರಗತಿಶೀಲ ಚಳುವಳಿಯ ಮುಂದಾಳಾದರು, ತ.ರಾ.ಸು., ನಿರಂಜನ, ಬಸವರಾಜ ಕಟ್ಟೀಮನಿ ಮೊದಲಾದವರು ಆ ಚಳುವಳಿಯಲ್ಲಿದ್ದರು. ವೇಶ್ಯಾಜೀವನವನ್ನು ಕುರಿತ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳು ಬಂದಾಗ ಅಶ್ಲೀಲವೆಂಬ ಕೂಗೆದ್ದಿತು. ಅದಕ್ಕೆ ಉತ್ತರವಾಗಿ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದರು. ಮುಂದೆ ಬಂದ ನವ್ಯದವರು ಇವರನ್ನು ಜನಪ್ರಿಯ ಲೇಖಕರೆಂಬ ಒಂದೇ ಮಾತಿನಲ್ಲಿ ಪಕ್ಕಕ್ಕಿರಿಸಿದರು. ಜನಪ್ರಿಯ ಎಂಬ ಮಾತು ಬೈಗುಳವಾದದ್ದು ಯಾವಾಗ ಎಂದು ನಾನು ಒಮ್ಮೊಮ್ಮೆ ಯೋಚಿಸುವುದುಂಟು. ಕಂಪೆನಿ ನಾಟಕದ ಮೇಲೆ ಹೊರಿಸಿದ ಅಪವಾದವೂ ಇದೇ ಆಗಿತ್ತಲ್ಲವೆ?

ಇಲ್ಲಿ ನನ್ನ ಮನೆಯ ವಿಷಯವನ್ನು ಕೊಂಚ ಹೇಳಬೇಕಾಗಿದೆ. ನಮ್ಮ ಅಲೀಪುರದಲ್ಲಿ ಬೀದಿಯ ಮಾತು ಉರ್ದು, ನಮ್ಮ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಆಂಧ್ರದ ಗಡಿ ಕೂಗಳತೆಯಲ್ಲಿದೆ. ಮೊಹರಂ ದಿನಗಳಲ್ಲಿ ಊರಿನವರು ಕರ್ಬಲಾದ ಶೋಕಗೀತೆಗಳನ್ನು ಓದುವುದನ್ನು ಕೇಳಿ ಬೆಳೆದವನು ನಾನು. ಅವರ ಪಾಲಿಗೆ ಅದು ಸಂಗೀತವಲ್ಲ, ದುಃಖ. ಆದರೂ ಮನುಷ್ಯಕಂಠಕ್ಕೆ ಎಂಥ ಶಕ್ತಿಯಿದೆಯೆಂದು ನನಗೆ ಮೊದಲು ತಿಳಿದದ್ದು ಅಲ್ಲಿ. ನನ್ನ ತಂದೆ ಓದು ಬರಹ ಕಲಿತವರಲ್ಲ. ಆದರೆ ಸುತ್ತಲ ಹಳ್ಳಿಯವರು ಕುರುಕ್ಷೇತ್ರ ಆಡುವಾಗ ಅವರದು ಭೀಮನ ಪಾತ್ರ. ನಮ್ಮ ಕಡೆ ನಟನಿಗೆ ಯಾರೂ ಸಂಬಳ ಕೊಡುವುದಿಲ್ಲ. ನಟನೇ ದುಡ್ಡು ಕೊಟ್ಟು ಪಾತ್ರ ಹಾಕಬೇಕು. ದುರ್ಯೋಧನನಿಗೆ ಹೆಚ್ಚು, ಕೃಷ್ಣನಿಗೆ ಹೆಚ್ಚು, ಸೇವಕನಿಗೆ ಕಡಮೆ. ಹಾರ್ಮೋನಿಯಂ ಮೇಷ್ಟರು ರಾತ್ರಿ ಬಂದು ಒಂದೊಂದೇ ಸಾಲನ್ನು ಹೇಳಿಕೊಡುತ್ತಾರೆ. ಹಗಲೆಲ್ಲ ಹೊಲದಲ್ಲಿ ದುಡಿದವರು ಅದನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡುತ್ತಾರೆ. ತೆಲುಗು ಮನೆಮಾತಿನ ನನ್ನ ತಂದೆಯವರ ನಾಲಗೆಯಲ್ಲಿ ಹಳೆಯ ಧಾಟಿಯ ಕನ್ನಡ ಕಂದಪದ್ಯಗಳು ತಪ್ಪಿಲ್ಲದೆ ಕುಳಿತಿವೆ. ಕಂದಪದ್ಯದ ಲಕ್ಷಣವನ್ನು ನಾನು ಕಲಿತದ್ದು ಕಾಲೇಜಿನಲ್ಲಿ. ಕಂದಪದ್ಯವನ್ನು ಕೇಳಿದ್ದು ಮನೆಯ ಜಗಲಿಯಲ್ಲಿ. ಒಮ್ಮೆ ಸಭೆಯೊಂದರಲ್ಲಿ ಭಾಷಣಕಾರರೊಬ್ಬರು ಇಂಥ ನಾಟಕಗಳನ್ನು ಅನಕ್ಷರಸ್ಥರ ಗದ್ದಲವೆಂದು ತಳ್ಳಿಹಾಕಿದಾಗ ಎಲ್ಲರೂ ನಕ್ಕರು. ಅಂದಿನಿಂದಲೇ ನಾನು ಅ.ನ.ಕೃ. ಅವರನ್ನು ಹುಡುಕಿ ಓದತೊಡಗಿದ್ದು.

ಹಾಗೆ ಓದುತ್ತ ಹೋದಾಗ ಎದುರಾದದ್ದು 1962ರ ಪ್ರಸಂಗ. ಅದಕ್ಕೆ ಎರಡು ವರ್ಷ ಮುಂಚೆ, 1960ರಲ್ಲಿ, ಮಣಿಪಾಲದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು, ಕೀರ್ತಿಯ ತುತ್ತತುದಿಯಲ್ಲಿದ್ದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಮೋತ್ಸವದ ಸಂಗೀತ ಕಚೇರಿಗಳೆಂದರೆ ಇಡೀ ನಗರಕ್ಕೆ ಹಬ್ಬ. ಹೊರಗಿನಿಂದ ದೊಡ್ಡ ದೊಡ್ಡ ವಿದ್ವಾಂಸರು ಬರುತ್ತಿದ್ದರು. ತೆಲುಗು, ತಮಿಳು, ಸಂಸ್ಕೃತದ ಕೃತಿಗಳನ್ನು ಹಾಡುತ್ತಿದ್ದರು. ಕನ್ನಡದ ಕೃತಿಗಳಿಗೂ ಕನ್ನಡ ಕಲಾವಿದರಿಗೂ ಅಲ್ಲಿ ತಕ್ಕ ಸ್ಥಾನ ಬೇಕೆಂದು ಅ.ನ.ಕೃ. ಪ್ರತಿಭಟನೆಗೆ ಇಳಿದರು. ಮ. ರಾಮಮೂರ್ತಿಯವರು ಜೊತೆಯಾದರು. ಕನ್ನಡ ಚಳುವಳಿಯ ಇತಿಹಾಸ ಬರೆಯುವವರು ಈ ಘಟನೆಯನ್ನು ಮೊದಲ ಪುಟಗಳಲ್ಲೇ ಬರೆಯುತ್ತಾರೆ.

ತೆಲುಗು ಮನೆಯ ಹುಡುಗನಾದ ನನಗೆ ಇದನ್ನು ಓದಿ ಮೊದಲು ಕಸಿವಿಸಿಯಾಯಿತು. ತ್ಯಾಗರಾಜರ ಕೃತಿಯನ್ನು ತೆಲುಗಲ್ಲದೆ ಬೇರೆ ಭಾಷೆಯಲ್ಲಿ ಹಾಡುವುದೆಂತು? ಮೈಸೂರಿನವರೇ ಆದ ವಾಸುದೇವಾಚಾರ್ಯರೂ ಹೆಚ್ಚಾಗಿ ಸಂಸ್ಕೃತ ತೆಲುಗುಗಳಲ್ಲೇ ರಚಿಸಲಿಲ್ಲವೆ? ರಾಗಕ್ಕೆ ಭಾಷೆಯುಂಟೆ? ಈ ಪ್ರಶ್ನೆಗಳನ್ನು ಅಂದೂ ಕೆಲವರು ಕೇಳಿರಲೇಬೇಕು. ಚಳುವಳಿಯ ಬಿಸಿಯಲ್ಲಿ ಅಪರಿಚಿತ ಭಾಷೆಯ ನೆರೆಮನೆಯವನೂ ಎದುರಾಳಿಯಂತೆ ಕಾಣುವ ಅಪಾಯವುಂಟು. ಆ ಅಪಾಯ ಮುಂದಿನ ದಶಕಗಳಲ್ಲಿ ಬೆಂಗಳೂರಿನಲ್ಲಿ ಒಮ್ಮೊಮ್ಮೆ ನಿಜವೂ ಆಯಿತು. ಇದನ್ನು ಹೇಳದೆ ಅ.ನ.ಕೃ. ಅವರನ್ನು ಬರಿದೆ ಹೊಗಳುವುದು ನನ್ನಿಂದಾಗದು.

ಆದರೆ ಅವರು ಎಲ್ಲಿಂದ ಬಂದವರೆಂಬುದನ್ನು ನೆನೆದರೆ ಆ ಬೇಡಿಕೆಯ ಬೇರು ಕಾಣುತ್ತದೆ. ಪುರಂದರದಾಸರನ್ನು ಕರ್ನಾಟಕ ಸಂಗೀತ ಪಿತಾಮಹರೆಂದು ಕರೆದು, ಅವರ ದೇವರನಾಮಗಳನ್ನು ಕಚೇರಿಯ ಕೊನೆಗೆ, ಜನ ಎದ್ದು ಹೊರಡುವ ಹೊತ್ತಿಗೆ ತಳ್ಳುವ ವಾಡಿಕೆಯಿತ್ತು. ಅದೇ ನಾಡಿನ ನಾಟಕ ಕಂಪೆನಿಗಳಲ್ಲಿ ಮಾತ್ರ ಹಿಂದೂಸ್ತಾನಿ ಮಟ್ಟುಗಳೂ ಕರ್ನಾಟಕದ ರಾಗಗಳೂ ರಾತ್ರಿಯಿಡೀ ಕನ್ನಡದಲ್ಲಿ ಮೊಳಗುತ್ತಿದ್ದವು. ಮಟ್ಟು ಎಲ್ಲಿಂದ ಬಂದರೂ ಮಾತು ಕನ್ನಡದ್ದು. ಗಾಡಿ ಕಟ್ಟಿಕೊಂಡು ಬಂದ ರೈತನಿಗೂ ಹಾಡಿನ ಒಂದೊಂದು ಪದ ತಿಳಿಯುತ್ತಿತ್ತು. ಕನ್ನಡದಲ್ಲಿ ಶಾಸ್ತ್ರೀಯವಾಗಿ ಹಾಡಲಾಗದು ಎಂದು ಯಾರಾದರೂ ಹೇಳಿದ್ದರೆ, ವರದಾಚಾರ್ಯರ ಕಾಲದ ನಾಟಕಗಳನ್ನು ಬಲ್ಲವರಿಗೆ ನಗೆ ಬರುತ್ತಿತ್ತು. ರಂಗದ ಮೇಲೆ ಅರ್ಧ ಶತಮಾನ ನಡೆದುಬಂದದ್ದು ಕಚೇರಿಯ ಚಪ್ಪರದಲ್ಲಿ ಏಕೆ ನಡೆಯಬಾರದೆಂಬುದೇ ಅವರ ಪ್ರಶ್ನೆ ಎಂದು ನಾನು ತಿಳಿಯುತ್ತೇನೆ. ಯಾರ ಕೃತಿಯನ್ನೂ ಹೊರಗಟ್ಟುವುದು ಬೇರೆ, ಮನೆಯವನಿಗೂ ಒಂದು ಮಣೆ ಹಾಕೆನ್ನುವುದು ಬೇರೆ. ಎರಡನೆಯದರಲ್ಲಿ ತಪ್ಪೇನಿದೆ?

1966ರಲ್ಲಿ ‘ಸಂಧ್ಯಾರಾಗ’ ಚಲನಚಿತ್ರವಾಯಿತು. ಲಕ್ಷ್ಮಣನ ಪಾತ್ರ ರಾಜಕುಮಾರರದು. ಅವರು ಗುಬ್ಬಿ ಕಂಪೆನಿಯಲ್ಲಿ ಪಳಗಿದವರು, ಅವರ ತಂದೆ ಪುಟ್ಟಸ್ವಾಮಯ್ಯನವರೂ ಕಂಪೆನಿಯ ನಟರು. ಮೂವತ್ತು ವರ್ಷ ಹಿಂದೆ ಅ.ನ.ಕೃ. ಕಾಗದದ ಮೇಲೆ ಕೂಡಿಸಿದ್ದ ಗಾಯಕನಿಗೆ ನಾಟಕದ ಮನೆತನದ ಮಗನೇ ಜೀವ ತುಂಬಿದರು. ಅದರಲ್ಲಿ ಗದಗಿನ ಸೀಮೆಯ ಭೀಮಸೇನ ಜೋಶಿಯವರ ಕಂಠವಿದೆ. ತೆಲುಗು ನಾಡಿನ ಬಾಲಮುರಳಿಕೃಷ್ಣರ ಕಂಠವೂ ಇದೆ. ಅವರಿಬ್ಬರೂ ಅಲ್ಲಿ ಕನ್ನಡದಲ್ಲಿ ಹಾಡಿದ್ದಾರೆ.

ಮ. ರಾಮಮೂರ್ತಿಯವರು 1967ರಲ್ಲಿ ತೀರಿಕೊಂಡರು. ಅ.ನ.ಕೃ. 1971ರ ಜುಲೈ 8ರಂದು ಬೆಂಗಳೂರಿನಲ್ಲಿ ನಿಧನರಾದರು. ಅರವತ್ತಮೂರು ವರ್ಷ ದೊಡ್ಡ ವಯಸ್ಸೇನೂ ಅಲ್ಲ. ಮರುವರ್ಷ ಗುಬ್ಬಿ ವೀರಣ್ಣನವರೂ ಹೋದರು. ತಮ್ಮ ಬಾಳಿನ ಕಥೆಗೆ ಅ.ನ.ಕೃ. ಕೊಟ್ಟ ಹೆಸರು ‘ಬರಹಗಾರನ ಬದುಕು’. ಸಾರ್ವಭೌಮ ಎಂಬ ಬಿರುದು ಅದರಲ್ಲಿಲ್ಲ.

ಕಳೆದ ಬೇಸಗೆಯ ರಜೆಯಲ್ಲಿ ‘ಸಂಧ್ಯಾರಾಗ’ವನ್ನು ಊರಿಗೆ ಒಯ್ದಿದ್ದೆ. ರಾತ್ರಿ ಊಟವಾದ ಮೇಲೆ ತಂದೆಯವರಿಗೆ ದಿನಕ್ಕೊಂದಿಷ್ಟು ಓದಿ ಹೇಳುತ್ತಿದ್ದೆ. ಮೂರನೆಯ ದಿನ ಅವರು ತಡೆದು, ಇದನ್ನು ಬರೆದವರು ನಾಟಕ ಬಲ್ಲವರೇ ಎಂದು ತೆಲುಗಿನಲ್ಲಿ ಕೇಳಿದರು. ಹದಿನಾರನೆಯ ವಯಸ್ಸಿಗೇ ನಾಟಕ ಬರೆದವರೆಂದೆ. ಹಾಗಾದರೆ ಮುಂದೆ ಓದು ಎಂದರು.